ಪದಚರ್ಚೆ: ವಿಡಿಯೊ ಗೇಮ್ ಕಾರ್ಟ್ರಿಜ್‌ಗೆ ಏನೆನ್ನಬೇಕು? (ತುರ್ತು)

ಕಲಬುರಗಿಯಿಂದ:

ಬಳಗಕ್ಕೆ ಶರಣು. ನಮ್ಮ ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹಳೆಯ ವಿಡಿಯೊ ಗೇಮ್ ಒಂದನ್ನು ಬಿಚ್ಚಿ ಇಡುತ್ತಿದ್ದೇವೆ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್‌ನ ನಕಲು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆಮನೆಗೆ ಬಂದದ್ದು ಇಂಥವೇ. ಇದಕ್ಕೆ ಸಿಕ್ಕಿಸುವ ಕಾರ್ಟ್ರಿಜ್‌ಗೆ ಫಲಕದಲ್ಲಿ ಏನು ಬರೆಯಲಿ? ನಿಘಂಟು ‘ತೋಟಾ’ ಎನ್ನುತ್ತದೆ. ಪಕ್ಕದಲ್ಲೇ ಬಾತುಕೋಳಿ ಹೊಡೆಯುವ ಆಟದ ಬಂದೂಕಿದೆ. ಮಕ್ಕಳು ಅದರ ಗುಂಡೆಂದೇ ತಿಳಿಯುತ್ತಾರೆ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಬೀದರ್‌ನಿಂದ:

‘ಕರಡಿಗೆ’ ಎನ್ನಿ. ಎಲ್ಲರೂ ಇದನ್ನು ಕ್ಯಾಸೆಟ್ ಎಂದವರೇ ಅಲ್ಲವೇ? ಆ ಫ್ರೆಂಚ್ ಪದದ ಅರ್ಥವೇ ಚಿಕ್ಕ ಪೆಟ್ಟಿಗೆ. ಬಸವಕಲ್ಯಾಣದ ಜಿಲ್ಲೆಯವನಾಗಿ ಹೇಳುತ್ತೇನೆ, ಚಿಕ್ಕ ಪೆಟ್ಟಿಗೆಗೆ ಕರಡಿಗೆಗಿಂತ ಒಳ್ಳೆಯ ಪದವಿಲ್ಲ. ‘ಆಟಗರಡಿಗೆ’: ಆದೇಶ ಸಂಧಿ ಎಷ್ಟು ಸಲೀಸಾಗಿ ಕೂಡಿತು ನೋಡಿ. ಇಂಗ್ಲಿಷ್ ಪದವನ್ನೇ ಬರೆಯುವುದಾದರೆ ಈ ಬಳಗವೇಕೆ?

ಯಾದಗಿರಿಯಿಂದ:

ಸುತರಾಂ ಒಪ್ಪುವುದಿಲ್ಲ. ಕರಡಿಗೆ ಎಂದರೆ ನಮ್ಮ ಮನೆಗಳಲ್ಲಿ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಧರಿಸುವಂಥದ್ದು. ಅದನ್ನು ಆಟದ ಸಾಮಾನಿಗೆ ಅಂಟಿಸಬೇಡಿ. ಇಂಗ್ಲಿಷ್ ಬೇಡವೆನ್ನುವವರು ಕೊಟ್ಟ ಪದವಾದರೂ ಯಾವುದು? ಸಂಸ್ಕೃತದ ‘ಕರಂಡಕ’ದ ತದ್ಭವ!

ಹೆಸರಿಡುವ ಮೊದಲು ಒಳಗೇನಿದೆ ನೋಡಿ. ತಿರುಪು ಬಿಚ್ಚಿದರೆ ಟೇಪೂ ಇಲ್ಲ, ಸುತ್ತುವ ಗಾಲಿಯೂ ಇಲ್ಲ. ಅಂಗೈಯಗಲದ ಸರ್ಕ್ಯೂಟ್ ಹಲಗೆ, ಅಂಚಿನಲ್ಲಿ ಹಲ್ಲಿನಂಥ ಲೋಹದ ಪಟ್ಟಿಗಳು. ನಕಲು ಮಾಲಿನಲ್ಲಿ ಚಿಪ್‌ನ ಮೇಲೆ ಕರಿ ಅರಗಿನಂಥ ಒಂದು ಬೊಟ್ಟು. ಆಟ ಇರುವುದು ಆ ಬೊಟ್ಟಿನ ಅಡಿಯಲ್ಲಿ. ಯಂತ್ರದ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಆದ್ದರಿಂದ ಪ್ರೊಸೆಸರ್ ಆಟವನ್ನು ಒಳಗೆ ತುಂಬಿಕೊಳ್ಳದೆ ನೇರವಾಗಿ ಈ ಚಿಪ್‌ನಿಂದಲೇ ಓದುತ್ತದೆ. 1985ರ ಸೂಪರ್ ಮಾರಿಯೊ ಬ್ರದರ್ಸ್ ಒಟ್ಟು 40 ಕಿಲೋಬೈಟ್: 32 ಆದೇಶಗಳಿಗೆ, 8 ಚಿತ್ರಗಳಿಗೆ. ಅಷ್ಟರಲ್ಲೇ ಹೊಂದಿಸಲು ಮೋಡದ ಚಿತ್ರಕ್ಕೇ ಹಸಿರು ಬಣ್ಣ ಕೊಟ್ಟು ಪೊದೆ ಮಾಡಿದ್ದಾರೆ. ಮಕ್ಕಳಿಗೆ ತೋರಿಸಬೇಕಾದ ಜಾಣತನ ಇದು.

ಟೇಪ್ ಇಲ್ಲದಿದ್ದರೂ ‘ಕ್ಯಾಸೆಟ್’ ಎಂದೇ ಬರೆಯಿರಿ. ಕ್ಯಾಸೆಟ್ ಊದಿ ಹಾಕಿದ ಪೀಳಿಗೆಗೆ ಬೇರೆ ಹೆಸರು ಗೊತ್ತಿಲ್ಲ. ಅರ್ಜಿ, ವಕೀಲ, ಜಿಲ್ಲೆ, ಕಚೇರಿ ಇವನ್ನೆಲ್ಲ ಬಿಟ್ಟು ಯಾರಾದರೂ ನಮ್ಮ ಊರಿನಲ್ಲಿ ಒಂದು ಪಹಣಿ ತೆಗೆಸಿ ತೋರಿಸಲಿ.

ಬೀದರ್‌ನಿಂದ:

ತದ್ಭವ ಎಂದರೆ ಕನ್ನಡದ ನಾಲಗೆ ಪಳಗಿಸಿಕೊಂಡ ಪದ. ಕ್ಯಾಸೆಟ್ ಎಲ್ಲಿ ಪಳಗಿದೆ? ಅರ್ಜಿ, ಜಿಲ್ಲೆಗಳು ಆಳಿದವರ ದಫ್ತರದಿಂದ ಬಂದವು, ಜನರಿಗೆ ಆಯ್ಕೆ ಇರಲಿಲ್ಲ. ಈಗ ಆಯ್ಕೆ ಇದೆ, ಮನಸ್ಸಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಯಾದಗಿರಿಯಿಂದ:

‘ಕ್ಯಾಸೆಟ್ಟು, ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಲ್ಲಿ’. ವಿಭಕ್ತಿ ಹತ್ತಿದ ಮೇಲೆ ಇನ್ನೆಷ್ಟು ಪಳಗಬೇಕು?

ಕಲಬುರಗಿಯಿಂದ:

ಇಬ್ಬರಿಗೂ ಶರಣು. ‘ಆಟದ ಕ್ಯಾಸೆಟ್’ ಎಂದು ಬರೆದು, ಕೆಳಗೆ ‘ಒಳಗೆ ಟೇಪ್ ಇಲ್ಲ, ಚಿಪ್ ಇದೆ’ ಎಂದು ಸೇರಿಸುತ್ತೇನೆ. ಕರಡಿಗೆಯನ್ನು ನಮ್ಮ ಊರಿನಲ್ಲಿ ಈ ಅರ್ಥಕ್ಕೆ ಬಳಸುವ ಧೈರ್ಯ ನನಗಿಲ್ಲ.

ಬಂದೂಕಿನ ಫಲಕ ಉಳಿದಿದೆ. ಅದರಿಂದ ಏನೂ ಹೊರಗೆ ಹಾರುವುದಿಲ್ಲ: ಟ್ರಿಗರ್ ಎಳೆದೊಡನೆ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ, ನಳಿಗೆಯೊಳಗಿನ ಸಂವೇದಕ ಆ ಬೆಳಕನ್ನು ಹಿಡಿಯುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಮಾತ್ರ ನಡೆಯುವ ಆಟ. ಇಲ್ಲಿ ಟ್ರಿಗರ್‌ಗೆ ‘ಕುದುರೆ’ ಎಂದು ಬರೆದರೆ ಒಂಬತ್ತನೆಯ ತರಗತಿಯವರಿಗೆ ತಿಳಿಯುತ್ತದೆಯೇ? ರಾತ್ರಿಯೊಳಗೆ ತಿಳಿಸಿ.