ನೀರು ಬದಲಿಸಿದ ಮೇಲೆ ಚಿಲ್ಲಿ ರಾಸ್ಬೋರಾ ಸಾಯ್ತಿವೆ, ಯಾಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನದು 20 ಲೀಟರಿನ ಬ್ಲ್ಯಾಕ್‌ವಾಟರ್ ಟ್ಯಾಂಕ್, ಅಂದರೆ ಎಲೆ-ಮರದ ರಸದಿಂದ ಕಂದಾದ ಆಮ್ಲೀಯ ನೀರಿನದು. ಸ್ಪಾಂಜ್ ಫಿಲ್ಟರ್, ಒಂದು ಮರದ ಬೇರು, ತಳದಲ್ಲಿ ಕಾಡುಬಾದಾಮಿ ಎಲೆ. ಮೀನು ಚಿಲ್ಲಿ ರಾಸ್ಬೋರಾ ಮಾತ್ರ. ಇಷ್ಟು ದಿನ ಕೆಂಪಗೆ, ಚುರುಕಾಗಿ ಇದ್ದವು. ನೀರಿನ ಪಿಎಚ್ 5.5 ಇರ್ತಿತ್ತು. ನಿನ್ನೆ ಅರ್ಧ ನೀರು ತೆಗೆದು ನಲ್ಲಿ ನೀರು ತುಂಬಿದೆ. ಕ್ಲೋರಿನ್ ತೆಗೆಯುವ ಔಷಧಿಯನ್ನೂ ಹಾಕಿದ್ದೆ. ರಾತ್ರಿ ಹೊತ್ತಿಗೆ ಎಲ್ಲವೂ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಬಣ್ಣ ಪೂರ್ತಿ ಇಳಿದಿದೆ. ಬೆಳಿಗ್ಗೆ ಮೂರ್ನಾಲ್ಕು ಸತ್ತಿದ್ದವು. ಇನ್ನೊಂದು ಸಲ ಅರ್ಧ ನೀರು ಬದಲಿಸಲಾ?

ಉತ್ತರ 1:
ಬೇಡ! ನಲ್ಲಿ ನೀರು ಇನ್ನು ಒಂದು ಮಗ್ ಕೂಡ ಹಾಕಬೇಡಿ. ಏರ್ ಪಂಪ್ ಜೋರು ಮಾಡಿ, ಊಟ ನಿಲ್ಲಿಸಿ. ಟ್ಯಾಂಕಿನ ಈಗಿನ ಪಿಎಚ್, ಅಮೋನಿಯಾ, ಜೊತೆಗೆ ನಲ್ಲಿ ನೀರಿನ ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್ ಗಡಸುತನ) ಅಳೆದು ಹೇಳಿ.

ಪ್ರಶ್ನೆ ಕೇಳಿದವರು:
ಟ್ಯಾಂಕ್ ಪಿಎಚ್ 7.4, ಅಮೋನಿಯಾ 4. ನಲ್ಲಿ ನೀರಿನ ಕೆಎಚ್ 8. ಆದರೆ ಅಮೋನಿಯಾ ಮೊದಲೇ ಇದ್ದಿದ್ರೆ ಮೀನು ಇಷ್ಟು ದಿನ ಹೇಗೆ ಚೆನ್ನಾಗಿದ್ದವು?

ಉತ್ತರ 1:
ಗುಟ್ಟು ಅಲ್ಲೇ ಇದೆ. ಕಿಟ್ ತೋರಿಸೋದು ಅಮೋನಿಯಾ, ಅಮೋನಿಯಂ ಎರಡೂ ಸೇರಿದ ಲೆಕ್ಕ. ಪಿಎಚ್ 5.5ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಮೋನಿಯಂ ಆಗಿರುತ್ತೆ. ಅದು ಮೀನಿಗೆ ಅಷ್ಟು ವಿಷವಲ್ಲ. ಪಿಎಚ್ ಒಂದು ಅಂಕಿ ಏರಿದರೆ ವಿಷದ, ಅಂದರೆ ಅಮೋನಿಯಾದ, ಪಾಲು ಸುಮಾರು 10 ಪಟ್ಟು ಆಗುತ್ತೆ. 25 ಡಿಗ್ರಿ ನೀರಿನಲ್ಲಿ, 5.5ಕ್ಕೆ ಅದು 0.02 ಶೇಕಡಾ ಕೂಡ ಇರಲ್ಲ. 7.4ಕ್ಕೆ ಸುಮಾರು 1.4 ಶೇಕಡಾ. ಅರ್ಧ ನೀರು ತೆಗೆದಿದ್ದೀರಿ, ಅಂದರೆ ಕಿಟ್ಟಿನ ಲೆಕ್ಕದ ಒಟ್ಟು ಅಮೋನಿಯಾ ಮೊದಲು 8ರ ಆಸುಪಾಸು ಇದ್ದಿರಬೇಕು. ಒಟ್ಟು ಅರ್ಧ ಆಯ್ತು, ವಿಷ ಮಾತ್ರ 40 ಪಟ್ಟು ಏರಿತು.

ಅಷ್ಟು ಸೇರಿದ್ದು ಯಾಕೆ ಅಂದರೆ, ಪಿಎಚ್ 6ಕ್ಕಿಂತ ಕೆಳಗೆ ಇಳಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಬಹಳ ನಿಧಾನ ಆಗುತ್ತೆ. ಕೆಎಚ್ ಸೊನ್ನೆ ಆದರಂತೂ ಕೆಲಸ ನಿಂತ ಹಾಗೇ.

ಉತ್ತರ 2:
ಅವರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ. ಈ ಮೀನು ಬೋರ್ನಿಯೋದ ಪೀಟ್ (ಅರೆಕೊಳೆತ ಗಿಡಗಳ ಮಣ್ಣು) ಜೌಗಿನದು, ಅಲ್ಲಿಯ ನೀರಿನಲ್ಲಿ ಲವಣ ಇಲ್ಲ ಅನ್ನುವಷ್ಟು ಕಮ್ಮಿ. ಎರಡು ಸೆಂಟಿಮೀಟರ್ ಮೈಗೆ ಗಡಸು ನೀರು ಒಮ್ಮೆಲೇ ಬಿದ್ದರೆ ಅದೂ ಪೆಟ್ಟೇ. ಹಾಗಂತ ಆಸಿಡ್ ಹಾಕಿ ಪಿಎಚ್ ಇಳಿಸೋಕೆ ಹೋಗಬೇಡಿ, ಮತ್ತೊಂದು ಏಟು ಬೀಳುತ್ತೆ.

ಪ್ರಶ್ನೆ ಕೇಳಿದವರು:
ಹಾಗಾದ್ರೆ ಈಗ ಏನು ಮಾಡಲಿ? ಇನ್ನೂ ಎಲೆ ಹಾಕಲಾ?

ಉತ್ತರ 1:
ಎಲೆ ಬೇಡ. ಅರ್ಧ ನಲ್ಲಿ ನೀರು ಸೇರಿ ಟ್ಯಾಂಕಿನ ಕೆಎಚ್ 4ರ ಹತ್ತಿರ ಇರುವಾಗ ಎಲೆ ಬಿಡುವ ಟ್ಯಾನಿನ್‌ನಿಂದ ಪಿಎಚ್ ಇಳಿಯಲ್ಲ, ನೀರಿನ ಬಣ್ಣ ಮಾತ್ರ ಗಾಢ ಆಗುತ್ತೆ. ಕೊಳೆಯೋ ಎಲೆ ಆಕ್ಸಿಜನ್ ಬೇರೆ ತಿನ್ನುತ್ತೆ. ಅಮೋನಿಯಾ ಹಿಡಿದಿಡುವ ಕಂಡೀಷನರ್ ಇದ್ದರೆ ಬಾಟಲಿ ಮೇಲಿನ ಪ್ರಮಾಣದಲ್ಲಿ ಈಗಲೇ ಹಾಕಿ. ಇಲ್ಲದಿದ್ದರೆ ಚಿಕ್ಕ ಚೀಲದಲ್ಲಿ ಜಿಯೋಲೈಟ್ (ಅಮೋನಿಯಂ ಹೀರುವ ಕಲ್ಲು) ತುಂಬಿ ಗಾಳಿಗುಳ್ಳೆ ಬರುವ ಜಾಗದಲ್ಲಿ ಇಡಿ. ಆಮೇಲೆ ಆರ್‌ಓ ನೀರು (ಲವಣ ಸೋಸಿ ತೆಗೆದದ್ದು), ಎರಡು ಲೀಟರ್ ತೆಗೆದು ಎರಡು ಲೀಟರ್. ಟ್ಯಾಂಕಿನಷ್ಟೇ ಬೆಚ್ಚಗಿರಲಿ. ಏರ್ ಪೈಪಿಗೆ ಗಂಟು ಹಾಕಿ ತೊಟ್ಟು ತೊಟ್ಟಾಗಿ ಬಿಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸಾಕು. ಹೀಗೆ ಮಾಡಿದರೆ ಕೆಎಚ್ ತಾನಾಗಿ ಇಳಿಯುತ್ತೆ, ಅಮೋನಿಯಾವೂ ತೆಳುವಾಗುತ್ತೆ.

ಸ್ಪಾಂಜನ್ನು ನಲ್ಲಿ ನೀರಲ್ಲಿ ತೊಳೀಬೇಡಿ. ಇರೋ ಬ್ಯಾಕ್ಟೀರಿಯಾ ಉಳಿಸಿಕೊಳ್ಳಿ. ಮೇಲೆ ತೇಲುವ ಗಿಡ, ಸಾಲ್ವೀನಿಯಾ ಥರದ್ದು, ಒಂದು ಹಿಡಿ ಬಿಡಿ. ಅಮೋನಿಯಂ ಅದರ ಊಟ, ಈ ನೀರಿನಲ್ಲಿ ನನಗೆ ಫಿಲ್ಟರಿಗಿಂತ ಜಾಸ್ತಿ ನಂಬಿಕೆ ಅದರ ಮೇಲೆ.

ಪ್ರಶ್ನೆ ಕೇಳಿದವರು:
ಜಿಯೋಲೈಟ್ ಇಟ್ಟೆ, ಮೊದಲ ಎರಡು ಲೀಟರ್ ಹೋಗ್ತಾ ಇದೆ. ಉಳಿದವು ಎಲೆಯ ಕೆಳಗೆ ಸೇರಿಕೊಂಡಿವೆ. ಬಾಯಿ ಬಡಿಯೋದು ಸ್ವಲ್ಪ ಕಮ್ಮಿ. ಎಲೆ ಮೇಲೆ ಬಿಳಿ ಲೋಳೆ ಇದೆ, ಒರೆಸಲಾ?

ಉತ್ತರ 2:
ಬಿಡಿ, ಅದು ಬಯೋಫಿಲ್ಮ್, ಸೂಕ್ಷ್ಮಜೀವಿಗಳ ಪದರ. ಅದರಲ್ಲಿನ ಸಣ್ಣ ಜೀವಿಗಳನ್ನೇ ಇವು ಹೆಕ್ಕಿ ತಿನ್ನುತ್ತವೆ, ಹಾಗಾಗಿ ಎರಡು ದಿನ ಊಟ ಹಾಕದಿದ್ದರೂ ಉಪವಾಸ ಬೀಳಲ್ಲ. ನಂತರ ಆಗ ತಾನೇ ಮೊಟ್ಟೆ ಒಡೆದು ಬಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ ಕೊಡಿ, ಕಣ್ಣೆದುರಿಗೇ ಮುಗಿಸುವಷ್ಟು ಮಾತ್ರ. ಫ್ಲೇಕ್ಸ್ ಪುಡಿ ಇವುಗಳ ಬಾಯಿಗೆ ಹೋಗೋದಕ್ಕಿಂತ ತಳಕ್ಕೆ ಹೋಗೋದೇ ಜಾಸ್ತಿ. ನಿಮ್ಮ ಅಮೋನಿಯಾ ಬಹುಶಃ ಅಲ್ಲಿಂದಲೇ ಬಂದದ್ದು. ನಾಳೆ ಪಿಎಚ್ ಮತ್ತೆ ಅಳೆದು ಹೇಳಿ.