ಹಳೆಯ ಪೆಟ್ರೋಲ್ ಎಂಜಿನ್‌ನೊಳಗಿನ ಮಡ್ಡಿ: ಟ್ಯಾಂಕಿಗೂ ಆಯಿಲ್‌ಗೂ ಹಾಕುವ ಕ್ಲೀನರ್‌ಗಳನ್ನು ಬಳಸಬಹುದೇ?

ಪ್ರಶ್ನೆ: ಹಳೆಗಾಡಿ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ ನಾನು ಕೊಂಡ ಕಾರಿಗೆ ಈಗ ಹದಿನಾಲ್ಕು ವರ್ಷ. ಮೀಟರಿನಲ್ಲಿ 1,62,000 ಕಿಲೋಮೀಟರ್ ಇದೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಇಂಜೆಕ್ಟರ್‌ಗಳು ಇನ್‌ಟೇಕ್ ಪೋರ್ಟಿನಲ್ಲಿವೆ, ಟರ್ಬೊ ಇಲ್ಲ. ಹಿಂದಿನ ಮಾಲೀಕರು ಆಯಿಲನ್ನು ಯಾವಾಗ ಬದಲಿಸುತ್ತಿದ್ದರು ಎಂಬುದಕ್ಕೆ ನನ್ನ ಬಳಿ ಯಾವ ದಾಖಲೆಯೂ ಇಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ನಿಮಿಷ ಐಡಲಿಂಗ್ ಏರುಪೇರಾಗಿ, ನಡುಕ ಸ್ಟೇರಿಂಗ್‌ವರೆಗೂ ಬರುತ್ತದೆ. ಬಿಸಿಯಾದ ಮೇಲೆ ನಡುಕ ಬಹುತೇಕ ನಿಲ್ಲುತ್ತದೆಯಾದರೂ ಪಿಕಪ್ ಮಂದವಾಗಿಯೇ ಇರುತ್ತದೆ. ಸಾವಿರ ಕಿಲೋಮೀಟರಿಗೆ ಸುಮಾರು 300 ಮಿಲಿಲೀಟರ್ ಆಯಿಲ್ ಕಡಿಮೆಯಾಗುತ್ತಿದೆ. ನೆಲದ ಮೇಲೆ ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ಕಳೆದ ವಾರ ಆಯಿಲ್ ಮುಚ್ಚಳ ತೆಗೆದು ಒಳಬದಿಯಲ್ಲಿ ಬೆರಳಾಡಿಸಿದಾಗ, ಗ್ರೀಸಿನಂತೆ ಮೆತ್ತಗಿದ್ದ ಕಪ್ಪು ಮಡ್ಡಿ ಉಗುರಿನಷ್ಟು ದಪ್ಪಕ್ಕೆ ಬೆರಳಿಗೆ ಅಂಟಿಕೊಂಡು ಬಂತು.

ನನ್ನ ಮೆಕ್ಯಾನಿಕ್ ಹಳೆಯ ಆಯಿಲ್‌ಗೆ ಫ್ಲಶ್ (ಎಂಜಿನ್‌ನ ಒಳಗನ್ನು ತೊಳೆಯುವ ದ್ರವ) ಸುರಿದು, ಹತ್ತು ನಿಮಿಷ ಎಂಜಿನ್ ಓಡಿಸಿ ಎಲ್ಲವನ್ನೂ ಬಸಿದುಬಿಡೋಣ ಎನ್ನುತ್ತಾರೆ. ಸ್ನೇಹಿತರೊಬ್ಬರು ಪೆಟ್ರೋಲ್ ಟ್ಯಾಂಕಿಗೆ ಹಾಕುವ ಇಂಜೆಕ್ಟರ್ ಕ್ಲೀನರಿನ ಒಂದು ಬಾಟಲಿ ತಂದುಕೊಟ್ಟಿದ್ದಾರೆ. ಇವೆರಡೂ ನಿಜಕ್ಕೂ ಏನು ಮಾಡುತ್ತವೆ, ಯಾವುದನ್ನು ಮೊದಲು ಮಾಡಬೇಕು, ಇವುಗಳಿಂದ ಎಂಜಿನ್‌ಗೆ ಹಾನಿಯಾಗುವ ಸಂಭವವಿದೆಯೇ ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಇಂಧನಧಾರೆ

ನಮಸ್ಕಾರ. ಒಂದು ಸಂಗತಿಯನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಟ್ಯಾಂಕಿಗೆ ಹಾಕಿದ್ದು ಪೆಟ್ರೋಲ್ ಹೋಗುವ ದಾರಿಯನ್ನಷ್ಟೇ ತೊಳೆಯುತ್ತದೆ, ಆಯಿಲ್‌ಗೆ ಹಾಕಿದ್ದು ಆಯಿಲ್ ಹರಿಯುವ ದಾರಿಯನ್ನಷ್ಟೇ ಮುಟ್ಟುತ್ತದೆ. ನಿಮ್ಮ ಐಡಲಿಂಗಿನ ತೊಂದರೆ ಮೊದಲನೆಯ ದಾರಿಯದ್ದಿರಬಹುದು. ಮುಚ್ಚಳದ ಮಡ್ಡಿ ಎರಡನೆಯದರದ್ದು. ಆಯಿಲ್ ದಾರಿಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಆದ್ದರಿಂದ ಇಂಧನದ ಬಗ್ಗೆ ಮಾತ್ರ ಬರೆಯುತ್ತೇನೆ.

ನಿಮ್ಮ ಬಾಟಲಿಯ ಮೇಲೆ ಪಾಲಿಈಥರ್ ಅಮೀನ್ ಅಥವಾ ಪಿಇಎ ಎಂದು ಬರೆದಿದೆಯೇ ನೋಡಿ. ಈ ಅಣುವಿನ ಸಾರಜನಕವಿರುವ ತುದಿ ಲೋಹದ ಮೇಲಿನ ಕಿಟ್ಟವನ್ನು ಹಿಡಿದುಕೊಳ್ಳುತ್ತದೆ, ಉದ್ದನೆಯ ಬಾಲ ಪೆಟ್ರೋಲಿನಲ್ಲಿ ಕರಗಿ ಅದನ್ನು ಎಳೆದೊಯ್ಯುತ್ತದೆ. ಇದು ಬಿಸಿಯನ್ನು ಚೆನ್ನಾಗಿ ತಡೆಯುವುದರಿಂದ ಇಂಜೆಕ್ಟರಿನ ಮೂತಿ ಮತ್ತು ಇನ್‌ಟೇಕ್ ವಾಲ್ವಿನ ಬೆನ್ನಿನ ಜೊತೆಗೆ, ದಹನಕೋಣೆಯಲ್ಲಿ ಕಟ್ಟಿಕೊಂಡ ಕಾರ್ಬನ್ನನ್ನೂ ಒಂದು ಮಟ್ಟಿಗೆ ಕಡಿಮೆ ಮಾಡುತ್ತದೆ. ಇನ್ನೊಂದು ಬಗೆಯಾದ ಪಾಲಿಐಸೊಬ್ಯುಟಿಲೀನ್ ಅಮೀನ್ ವಾಲ್ವುಗಳನ್ನು ಶುಚಿಯಾಗಿಡುವುದಕ್ಕೆ ಒಳ್ಳೆಯದೇ ಆದರೂ ದಹನಕೋಣೆಯಲ್ಲಿ ತಾನೇ ಸ್ವಲ್ಪ ಕಿಟ್ಟ ಉಳಿಸುತ್ತದೆ. ಬರೀ ಸೀಮೆಎಣ್ಣೆಯಂತಹ ದ್ರಾವಕ ತುಂಬಿದ ಬಾಟಲಿಗಳೂ ಮಾರಾಟವಾಗುತ್ತವೆ. ಅವುಗಳಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ನಿಮ್ಮದು ಪೋರ್ಟ್ ಇಂಜೆಕ್ಷನ್ ಆಗಿರುವುದು ಅದೃಷ್ಟ. ಪೆಟ್ರೋಲ್ ವಾಲ್ವಿನ ಬೆನ್ನ ಮೇಲೆಯೇ ಬೀಳುವುದರಿಂದ ಕ್ಲೀನರ್ ಅಲ್ಲಿಗೆ ತಲುಪುತ್ತದೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುತ್ತದೆ. ಅಲ್ಲಿ ಟ್ಯಾಂಕಿಗೆ ಎಷ್ಟೇ ಸುರಿದರೂ ಇನ್‌ಟೇಕ್ ವಾಲ್ವಿಗೆ ಒಂದು ಹನಿಯೂ ಸೋಕುವುದಿಲ್ಲ. ಅದಕ್ಕಾಗಿಯೇ ಅವುಗಳ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹೊಡೆದು ವಾಲ್ವುಗಳನ್ನು ಶುಚಿ ಮಾಡುತ್ತಾರೆ.

ಬಾಟಲಿಯನ್ನು ಹಾಕುವ ಮೊದಲು ಕಾರಿನ ಕಂಪ್ಯೂಟರನ್ನು ಓದುವ ಒಂದು ಒಬಿಡಿ ಸ್ಕ್ಯಾನರ್ ಜೋಡಿಸಿ, ಎಂಜಿನ್ ಬಿಸಿಯಿದ್ದಾಗ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚಿಸಿ ಅಥವಾ ಕಡಿಮೆ ಮಾಡಿ ಕೊಡುತ್ತಿದೆ ಎಂಬ ಲೆಕ್ಕ) ಎಷ್ಟಿದೆಯೆಂದು ಐಡಲಿಂಗಿನಲ್ಲಿಯೂ 2500 ಆರ್‌ಪಿಎಮ್‌ನಲ್ಲಿಯೂ ಬರೆದಿಟ್ಟುಕೊಳ್ಳಿ. ಟ್ರಿಮ್ ಐಡಲಿಂಗಿನಲ್ಲಿ ಮಾತ್ರ ಹೆಚ್ಚಿದ್ದು ವೇಗ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ವ್ಯಾಕ್ಯೂಮ್ ಹೋಸ್ ಸೋರುತ್ತಿದೆ ಎಂದು ಅನುಮಾನಿಸಬೇಕು. ಅದನ್ನು ಯಾವ ಕ್ಲೀನರ್ ಕೂಡ ಸರಿಪಡಿಸಲಾರದು. ಎರಡೂ ಕಡೆ ಹೆಚ್ಚಿದ್ದರೆ ಇಂಜೆಕ್ಟರಿನಿಂದ ಪೆಟ್ರೋಲ್ ಕಡಿಮೆ ಬರುತ್ತಿರಬಹುದು, ಫ್ಯುಯೆಲ್ ಪಂಪಿನ ಒತ್ತಡವೂ ಕುಸಿದಿರಬಹುದು. ಆಮೇಲೆ ಬಾಟಲಿಯಲ್ಲಿ ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಹಾಕದೆ, ಟ್ಯಾಂಕ್ ಬಹುತೇಕ ಮುಗಿಯುವವರೆಗೆ ಓಡಿಸಿ. ಪಿಇಎಯ ಅಲ್ಪ ಭಾಗ ಸಿಲಿಂಡರ್ ಗೋಡೆಯ ಮೂಲಕ ಆಯಿಲ್‌ಗೂ ಇಳಿಯುವುದರಿಂದ, ಈ ಕೆಲಸವನ್ನು ಆಯಿಲ್ ಬದಲಿಸುವ ಮುಂಚೆ ಮಾಡುವುದು ಸರಿ, ಬದಲಿಸಿದ ನಂತರ ಅಲ್ಲ.

ಉತ್ತರ 2: ಸ್ಪ್ಯಾನರ್ 12

ನಾನು ಇಪ್ಪತ್ತೆರಡು ವರ್ಷಗಳಿಂದ ಎಂಜಿನ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮುಚ್ಚಳದ ವಿವರ ಓದಿದ ಮೇಲೆ ಹೇಳುವುದು ಇಷ್ಟು: ದಯವಿಟ್ಟು ಫ್ಲಶ್ ಹಾಕಿಸಬೇಡಿ, ಕನಿಷ್ಠ ಟಪೆಟ್ ಕವರ್ (ಎಂಜಿನ್‌ನ ಮೇಲ್ಭಾಗದ ಮುಚ್ಚಳ) ತೆಗೆದು ಒಳಗೆ ನೋಡುವ ತನಕ ಹಾಕಿಸಬೇಡಿ.

ಫ್ಲಶ್‌ನಲ್ಲಿರುವುದು ಮುಖ್ಯವಾಗಿ ತೆಳುವಾದ ದ್ರಾವಕ ಮತ್ತು ಡಿಟರ್ಜೆಂಟ್. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸುತ್ತ ಬಂದಿರುವ ಎಂಜಿನ್‌ಗೆ ಅದರಿಂದ ತೊಂದರೆಯಾಗುವುದು ಅಪರೂಪ, ಆದರೆ ಅಂಥ ಎಂಜಿನ್‌ಗೆ ಅದರ ಅಗತ್ಯವೂ ಕಡಿಮೆ. ಮಡ್ಡಿ ಕಟ್ಟಿದ ಎಂಜಿನ್‌ನಲ್ಲಿ ಆಗುವುದೇ ಬೇರೆ. ಕೆಲವು ವರ್ಷಗಳ ಹಿಂದೆ, ಬೇರೆ ಕಡೆ ಫ್ಲಶ್ ಮಾಡಿಸಿ ಮೂರು ದಿನಗಳಾಗಿದ್ದ ಒಂದು ಕಾರು ಆಯಿಲ್ ದೀಪ ಮಿನುಗುತ್ತಿದೆ ಎಂದು ನನ್ನ ಬಳಿ ಬಂದಿತ್ತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಪೂರ್ತಿ ಇತ್ತು, ಬಣ್ಣವೂ ಜೇನಿನಂತೆ ತಿಳಿಯಾಗಿತ್ತು. ಎಂಜಿನ್‌ನ ತಳದಲ್ಲಿ ಆಯಿಲ್ ನಿಲ್ಲುವ ಸಂಪ್ ಇಳಿಸಿ ನೋಡಿದರೆ, ಪಂಪಿಗೆ ಆಯಿಲ್ ಎಳೆಯುವ ಸ್ಟ್ರೈನರಿನ ಜಾಲರಿಯ ಮೇಲೆ, ಕಾಫಿ ಸೋಸಿದ ಮೇಲೆ ಉಳಿಯುವ ಚರಟದಂತಹ ಕರಿ ಚೂರುಗಳು ಒತ್ತಾಗಿ ಕೂತಿದ್ದವು. ತೆರೆದಿದ್ದದ್ದು ಹೆಬ್ಬೆರಳು ಮುಚ್ಚುವಷ್ಟು ಜಾಗ ಮಾತ್ರ. ಕರಗಿದ ಮಡ್ಡಿ ಬಸಿದುಹೋಗಿತ್ತು, ಕರಗದೆ ಸಡಿಲವಾದದ್ದು ಕೆಳಗಿಳಿದು ಪಂಪಿನ ಬಾಯಿ ಕಟ್ಟಿತ್ತು. ಬೇರಿಂಗ್‌ಗಳನ್ನು ಬಿಚ್ಚಿದಾಗ ಮೇಲ್ಪದರ ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು. ಆ ಮಾಲೀಕರ ಮುಖ ನನಗೆ ಇಂದಿಗೂ ನೆನಪಿದೆ, ಅವರು ಎಂಜಿನ್ ಉಳಿಯಲೆಂದೇ ಆ ಕೆಲಸ ಮಾಡಿಸಿದ್ದರು.

ನಿಮಗೆ ನಾನು ಹೇಳುವ ದಾರಿ ನಿಧಾನದ್ದು. ಟಪೆಟ್ ಕವರ್ ತೆಗೆಸಿ. ಮಡ್ಡಿ ದಪ್ಪವಾಗಿದ್ದರೆ ಸಂಪನ್ನೂ ಇಳಿಸಿ, ಎರಡನ್ನೂ ಕೈಯಿಂದಲೇ ಕೆರೆದು ಒರೆಸಿ, ಸ್ಟ್ರೈನರ್ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿಸಿ. ಎಂಜಿನ್‌ನೊಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವನ್ನು ಕಳಚಿ ಅಲ್ಲಾಡಿಸಿ ನೋಡಿ. ಬಹುತೇಕ ಎಂಜಿನ್‌ಗಳಲ್ಲಿ ಅದು ಸರಿಯಿದ್ದರೆ ಟಕಟಕ ಸದ್ದಾಗುತ್ತದೆ. ಅದು ಕಟ್ಟಿಕೊಂಡರೆ ಆವಿಯೂ ನೀರಿನಂಶವೂ ಒಳಗೇ ಉಳಿದು ಮಡ್ಡಿ ಬೆಳೆಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಂತೆ ದಿನವೂ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಗಾಡಿಗಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ.

ಅನಂತರ ತಯಾರಕರು ಹೇಳಿದ ದರ್ಜೆಯ ಒಳ್ಳೆಯ ಆಯಿಲ್ ಹಾಕಿ, ಮೊದಲ ಎರಡು ಮೂರು ಸಲ 2000 ದಿಂದ 3000 ಕಿಲೋಮೀಟರಿಗೇ ಫಿಲ್ಟರ್ ಸಮೇತ ಬದಲಿಸಿ. ಆಯಿಲ್‌ನಲ್ಲೇ ಆಮ್ಲವನ್ನು ತಣಿಸುವ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಡಿಟರ್ಜೆಂಟ್ ಇರುತ್ತದೆ, ಮಸಿಯ ಕಣಗಳು ಒಂದಕ್ಕೊಂದು ಅಂಟದಂತೆ ತೇಲಿಸಿಡುವ ಡಿಸ್ಪರ್ಸೆಂಟ್ ಇರುತ್ತದೆ. ಹೊಸ ಆಯಿಲ್ ಬೇಗ ಕಪ್ಪಾದರೆ ಗಾಬರಿಯಾಗಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ. ಪ್ರತಿ ಸಲ ಹಳೆಯ ಫಿಲ್ಟರನ್ನು ಕೊಯ್ದು ಮಡಿಕೆಗಳನ್ನು ಬಿಡಿಸಿ ನೋಡಿ, ಎಷ್ಟು ಚೂರು ಬರುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹಳೆಗಾಡಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸದ್ಯಕ್ಕೆ ಫ್ಲಶ್ ಬೇಡವೆಂದು ನಿರ್ಧರಿಸಿದ್ದೇನೆ. ಇನ್ನೂ ಎರಡು ಸಂದೇಹಗಳಿವೆ. ಫ್ಲಶ್ ಬದಲು ಅರ್ಧ ಲೀಟರ್ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಓಡಿಸಿದರೆ ಸಾಕೆಂದು ಹಿರಿಯರೊಬ್ಬರು ಹೇಳಿದರು. ಮತ್ತೆ, ಆಯಿಲ್ ಉರಿಯುವುದನ್ನು ನಿಲ್ಲಿಸುತ್ತೇವೆ ಎಂದು ಬರೆದುಕೊಂಡ ಆಡಿಟಿವ್‌ಗಳು ಆ 300 ಮಿಲಿಲೀಟರಿಗೆ ಉಪಯೋಗಕ್ಕೆ ಬರುತ್ತವೆಯೇ?

ಉತ್ತರ 3: ರಿಂಗ್ ಲ್ಯಾಂಡ್

ಸೀಮೆಎಣ್ಣೆಯನ್ನು ಹಾಕಲೇಬೇಡಿ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ಅದನ್ನು ನೀರು ಮಾಡಿದರೆ ಲೋಹಕ್ಕೆ ಲೋಹ ತಾಗುತ್ತದೆ. ಎಷ್ಟು ಬಸಿದರೂ ಸ್ವಲ್ಪ ಒಳಗೇ ಉಳಿದು ಹೊಸ ಆಯಿಲನ್ನೂ ತೆಳುವಾಗಿಸುತ್ತದೆ.

ಆಯಿಲ್ ಕಡಿಮೆಯಾಗುವುದಕ್ಕೆ ಮೊದಲು ಕಾರಣ ಹುಡುಕಿ. ರಾತ್ರಿಯೆಲ್ಲ ನಿಂತಿದ್ದ ಗಾಡಿ ಸ್ಟಾರ್ಟ್ ಆದ ಕ್ಷಣ ನೀಲಿ ಹೊಗೆ ಬಂದು ಕೂಡಲೇ ನಿಂತರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಹೊಗೆ ಬಂದರೆ, ವಾಲ್ವ್ ಸ್ಟೆಮ್ ಸೀಲ್‌ಗಳು (ವಾಲ್ವಿನ ಕಾಂಡದ ಗುಂಟ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್ ಸೀಲ್‌ಗಳು) ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ವೇಗ ಹೆಚ್ಚಿಸುವಾಗ ಎಡೆಬಿಡದೆ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್‌ಗಳ ಮೇಲೆ ಅನುಮಾನ. ಸಿಲಿಂಡರಿನಲ್ಲಿ ಎಷ್ಟು ಒತ್ತಡ ಏರುತ್ತದೆಂದು ಅಳೆಯುವ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ಸೋರುತ್ತಿರುವುದು ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಆದರೆ ಸಿಲಿಂಡರ್ ಗೋಡೆಯ ಆಯಿಲನ್ನು ಕೆರೆಯುವ ಆಯಿಲ್ ರಿಂಗ್ ಮಾತ್ರ ಅಂಟಿಕೊಂಡಿದ್ದರೆ ಕಂಪ್ರೆಶನ್ ಚೆನ್ನಾಗಿಯೇ ಇರಬಹುದು ಎಂಬುದನ್ನು ಮರೆಯಬೇಡಿ. ಕಾರ್ಬನ್‌ನಿಂದ ಅಂಟಿಕೊಂಡ ರಿಂಗ್‌ಗಳನ್ನು ದ್ರಾವಕದಲ್ಲಿ ನೆನೆಸಿ ಬಿಡಿಸಲು ಕೆಲವೊಮ್ಮೆ ಸಾಧ್ಯವಾಗುತ್ತದೆ. ಸವೆದ ಲೋಹವನ್ನಾಗಲಿ, ಬಿರುಕುಬಿಟ್ಟ ಸೀಲನ್ನಾಗಲಿ ಯಾವ ಬಾಟಲಿಯೂ ಹೊಸದು ಮಾಡುವುದಿಲ್ಲ. ಆಯಿಲ್ ಉರಿಯುವುದನ್ನು ತಡೆಯುತ್ತವೆ ಎನ್ನುವವುಗಳಲ್ಲಿ ಹಲವು ಆಯಿಲನ್ನು ಮಂದವಾಗಿಸುತ್ತವೆ, ಕೆಲವು ಸೀಲನ್ನು ಸ್ವಲ್ಪ ಉಬ್ಬಿಸುತ್ತವೆ.

ಜಾಹೀರಾತಿನ ಮಾತನ್ನು ಅಳೆದು ನೋಡಬೇಕು ಎನ್ನುವುದಕ್ಕೆ ಹಳೆಯ ಉದಾಹರಣೆಯೇ ಇದೆ. ಪಿಟಿಎಫ್‌ಇ (ಟೆಫ್ಲಾನ್) ಕಣಗಳಿದ್ದ ಸ್ಲಿಕ್ 50 ಎಂಬ ಆಯಿಲ್ ಆಡಿಟಿವ್ ತನ್ನ ಗುಣಗಳ ಬಗ್ಗೆ ಆಧಾರವಿಲ್ಲದ ಮಾತುಗಳನ್ನು ಹೇಳಿದೆ ಎಂಬ ಆರೋಪ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನಿಂದ ಬಂದು, ಕಂಪನಿ 1997ರಲ್ಲಿ ರಾಜಿಗೆ ಒಪ್ಪಿತ್ತು. ಸವೆತ ತಡೆಯುವ, ಸತು ಮತ್ತು ರಂಜಕವಿರುವ ಜೆಡ್‌ಡಿಡಿಪಿಯನ್ನು ಹೆಚ್ಚಾಗಿ ಸುರಿಯುವುದೂ ಬೇಡ. ಅದು ಆಯಿಲ್‌ನಲ್ಲಿ ಮೊದಲೇ ಇರುತ್ತದೆ, ಮತ್ತು ನಿಮ್ಮಂತೆ ಆಯಿಲ್ ಉರಿಸುವ ಎಂಜಿನ್‌ನಲ್ಲಿ ಅದರ ರಂಜಕ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ.

ಹಳೆಗಾಡಿ (ಹನ್ನೊಂದು ವಾರಗಳ ನಂತರ)

ಸಹಾಯ ಮಾಡಿದವರಿಗೆ ಫಲಿತಾಂಶ ತಿಳಿಸುವುದು ನನ್ನ ಕರ್ತವ್ಯವೆಂದು ಬರೆಯುತ್ತಿದ್ದೇನೆ. ಪಿಇಎ ಇರುವ ಕ್ಲೀನರನ್ನು ಒಂದು ಪೂರ್ತಿ ಟ್ಯಾಂಕಿಗೆ ಹಾಕಿ ಓಡಿಸಿದೆ. ಅದಕ್ಕೆ ಮೊದಲು ಟ್ರಿಮ್ ಎರಡೂ ಕಡೆ ಶೇಕಡ 9ರ ಆಸುಪಾಸಿನಲ್ಲಿತ್ತು, ಈಗ ಶೇಕಡ 3. ಬೆಳಗಿನ ನಡುಕ ಅರ್ಧಕ್ಕಿಂತ ಕಡಿಮೆಯಾಗಿದೆ, ಪಿಕಪ್‌ನಲ್ಲಿ ಬಂದಿರುವ ಬದಲಾವಣೆ ಅಲ್ಪ.

ಟಪೆಟ್ ಕವರ್ ತೆಗೆದಾಗ ಕ್ಯಾಮ್ ಶಾಫ್ಟಿನ ಬದಿಗಳಲ್ಲಿ ಮಡ್ಡಿ ತುಂಬಿತ್ತು; ಸ್ಟ್ರೈನರಿನ ಜಾಲರಿಯ ಮೂರನೆಯ ಒಂದು ಭಾಗ ಆಗಲೇ ಮುಚ್ಚಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ, ಫ್ಲಶ್ ಹಾಕಿಸಿದ್ದರೆ ಏನಾಗುತ್ತಿತ್ತೆಂದು ನನಗೂ ನನ್ನ ಮೆಕ್ಯಾನಿಕ್‌ಗೂ ಅರ್ಥವಾಯಿತು. ಪಿಸಿವಿ ವಾಲ್ವ್ ಕಲ್ಲಿನಂತೆ ಕಟ್ಟಿಕೊಂಡಿತ್ತು, ಹೊಸದು ಹಾಕಿದೆವು. ಅನಂತರ 2500 ಕಿಲೋಮೀಟರಿಗೆ ಬದಲಿಸಿದ ಫಿಲ್ಟರನ್ನು ಕೊಯ್ದು ನೋಡಿದಾಗ ಮಡಿಕೆಗಳ ನಡುವೆ ಕರಿ ಚೂರುಗಳು ಧಾರಾಳವಾಗಿದ್ದವು.

ಆಯಿಲ್ ಈಗ ಸಾವಿರ ಕಿಲೋಮೀಟರಿಗೆ 220 ಮಿಲಿಲೀಟರಿನಷ್ಟು ಕಡಿಮೆಯಾಗುತ್ತಿದೆ. ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಸರಿಯಿದೆ, ಆದರೆ ಬೆಳಿಗ್ಗೆ ಸ್ಟಾರ್ಟ್ ಆದ ಕ್ಷಣದಲ್ಲಿ ಒಂದು ಗುಟುಕು ನೀಲಿ ಹೊಗೆ ಬರುತ್ತದೆ. ಹೆಡ್ ಇಳಿಸದೆಯೇ, ಸಿಲಿಂಡರಿಗೆ ಗಾಳಿಯ ಒತ್ತಡ ಕೊಟ್ಟು ವಾಲ್ವುಗಳನ್ನು ಮೇಲೆ ಹಿಡಿದಿಟ್ಟು, ಸ್ಟೆಮ್ ಸೀಲ್ ಬದಲಿಸುವ ಕೆಲಸವನ್ನು ಸ್ವತಃ ಮಾಡಿದವರು ಇದ್ದರೆ ಅದರ ಕ್ರಮವನ್ನು ದಯವಿಟ್ಟು ವಿವರಿಸಿ.