ಸಹಾಯ ಬೇಕು: ಮುಂಬೈ ಲೋಕಲ್ ಟ್ರೈನಿನ ಬೆವರಿಗೆ ನಿಲ್ಲುವ ಸನ್‌ಸ್ಕ್ರೀನ್ ಯಾವುದು?

ಡೊಂಬಿವಲಿ, ಠಾಣೆ ಕಡೆಯವರು ದಯವಿಟ್ಟು ಹೇಳಿ. ಮೊಡವೆಗೆ ಅಡಾಪಲೀನ್ 0.1% ಜೆಲ್ ಶುರುವಾಗಿ ಮೂರು ವಾರ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಮುಖ ತೊಳೆದು ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ, ಅದರ ಮೇಲೆ ಮಾಯಿಶ್ಚರೈಸರ್. ಮೂಗಿನ ಪಕ್ಕ ಸಿಪ್ಪೆ ಏಳುತ್ತಿದೆ, ಹೊಸ ಮೊಡವೆಯೂ ಎದ್ದಿವೆ. ಮೊದಲ ವಾರಗಳಲ್ಲಿ ಇದು ಮಾಮೂಲಿ, 12 ವಾರ ಕಾಯಬೇಕು. ಹಾಗಾಗಿ ‘ಬಿಟ್ಟುಬಿಡಿ’ ಅನ್ನುವ ಸಲಹೆ ಬೇಡ.

ಈ ಜೆಲ್ ಹಚ್ಚುವಾಗ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ, ಸನ್‌ಸ್ಕ್ರೀನ್ ಬೇಕೇ ಬೇಕು. ತೊಂದರೆ ಅದರದ್ದೇ. ಎರಡು ಬೆರಳುದ್ದ ಹಚ್ಚಿದರೆ ಘಾಟ್ಕೋಪರ್ ಬರುವಷ್ಟರಲ್ಲಿ ಬೆವರಿನ ಜೊತೆ ಕಣ್ಣಿಗಿಳಿದು ಉರಿ. ಕಡಿಮೆ ಹಚ್ಚಿದರೆ ಡಬ್ಬಿಯ ಮೇಲಿನ ಎಸ್‌ಪಿಎಫ್ 50 ಬರೀ ಅಕ್ಷರ. ಜಿಂಕ್ ಆಕ್ಸೈಡ್ ಇರುವ, ಸುಗಂಧವಿಲ್ಲದ, ವಾಟರ್ ರೆಸಿಸ್ಟೆಂಟ್ ಆದದ್ದನ್ನು ಯಾರಾದರೂ ಬಳಸಿದ್ದೀರಾ? ಮುಖ ಬೂದಿ ಬಳಿದಂತೆ ಕಾಣದಿದ್ದರೆ ಸಾಕು. ಮಧ್ಯಾಹ್ನ ಆಫೀಸಿನಲ್ಲಿ ಮತ್ತೆ ಹಚ್ಚುವಾಗ ಬೆವರು ಒರೆಸುತ್ತೀರೋ, ತೊಳೆಯುತ್ತೀರೋ?